ಒಂದು ಇಂಜೆಕ್ಷನ್ ಹಾಕಿದ್ದರೆ ಅಪ್ಪ ಉಳಿಯುತ್ತಿದ್ದರಾ? ಬ್ರಿಟನ್ನಿನ ಉಪ್ಪುನೀರು ಪ್ರಯೋಗದ ಬಗ್ಗೆ ಗೊತ್ತಿರೋರು ಹೇಳಿ

ಲೆಕ್ಕದ ಮೇಡಂ, ತಿಪಟೂರು

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಹೈಸ್ಕೂಲಲ್ಲಿ ಲೆಕ್ಕ ಹೇಳಿಕೊಡ್ತೀನಿ. ಪ್ರಶ್ನೆ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೂರು ತಿಂಗಳ ಹಿಂದೆ ನಮ್ಮಪ್ಪ ತೀರಿಕೊಂಡರು. 66 ವರ್ಷ. ಸಕ್ಕರೆ ಕಾಯಿಲೆ ಇತ್ತು, ಅದು ಬಿಟ್ಟರೆ ಗಟ್ಟಿಮುಟ್ಟು. ಬೆಳಗ್ಗೆ ತೋಟಕ್ಕೆ ನೀರು ತಿರುಗಿಸಿ ಬಂದು ಜಗಲಿ ಮೇಲೆ ಕೂತರು. ಅಮ್ಮ ಕಾಫಿ ಲೋಟ ಕೈಗೆ ಕೊಟ್ಟು ಒಳಗೆ ತಿರುಗಿದ್ದಾರೆ ಅಷ್ಟೇ, ಲೋಟ ಬಿದ್ದ ಸದ್ದು. ನಾನು ಓಡಿ ಬರೋಷ್ಟರಲ್ಲಿ ಪಕ್ಕಕ್ಕೆ ವಾಲಿಕೊಂಡಿದ್ದರು. ಕರೆದರೆ ಓಗೊಡಲಿಲ್ಲ. ಆದರೆ ಉಸಿರಾಡ್ತಿದ್ದರು, ಗೊರಕೆ ಹೊಡೆದ ಹಾಗೆ, ಬಿಟ್ಟು ಬಿಟ್ಟು. ಅದರಿಂದಲೇ ನಮಗೆ ಧೈರ್ಯ ಇತ್ತು. ಮುಖಕ್ಕೆ ನೀರು ಚಿಮುಕಿಸಿದ್ವಿ, ಅಂಗಾಲು ತಿಕ್ಕಿದ್ವಿ, ಪಕ್ಕದ ಮನೆಯವರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಆಂಬುಲೆನ್ಸ್ ಬರೋಕೆ 25 ನಿಮಿಷ ಆಯಿತು. ಬಂದ ಹುಡುಗ ಕೆಳಗೆ ಮಲಗಿಸಿ ಎದೆ ಒತ್ತಿದ, ಬಲೂನ್ ಥರದ್ದು ಬಾಯಿಗಿಟ್ಟು ಗಾಳಿ ಕೊಟ್ಟ, ದಾರಿಯುದ್ದಕ್ಕೂ ಒತ್ತುತ್ತಲೇ ಇದ್ದ. ಆಸ್ಪತ್ರೆಯಲ್ಲಿ ನೋಡಿ, ಆಗಲೇ ಹೋಗಿದೆ ಅಂದರು.

ತಿಥಿ ದಿನ ದೊಡ್ಡಪ್ಪ ಪಂಕ್ತಿಯಲ್ಲಿ ಎಲ್ಲರೆದುರು, "ಆ ಹುಡುಗ ಒಂದು ಅಡ್ರಿನಾಲಿನ್ ಇಂಜೆಕ್ಷನ್ ಹಾಕಿದ್ದಿದ್ರೆ ಎದ್ದು ಕೂರ್ತಿದ್ದ ನನ್ ತಮ್ಮ" ಅಂದುಬಿಟ್ಟರು. ದೊಡ್ಡಪ್ಪ ಮೂವತ್ತು ವರ್ಷ ಔಷಧಿ ಅಂಗಡೀಲಿ ಇದ್ದವರು, ಮಾತಿಗೆ ತೂಕ ಜಾಸ್ತಿ. ಅವತ್ತಿಂದ ಅಮ್ಮ ಅದೊಂದೇ ಮಾತು ಹಿಡಿದುಕೊಂಡಿದ್ದಾರೆ.

ನಿಜ ತಿಳಿಯೋಣ ಅಂತ ಹುಡುಕಿದರೆ ಪ್ಯಾರಾಮೆಡಿಕ್-2 ಅನ್ನೋ ಪ್ರಯೋಗ ಸಿಕ್ಕಿತು. ಬ್ರಿಟನ್ನಲ್ಲಿ 2014ರ ಡಿಸೆಂಬರಿಂದ 2017ರ ಅಕ್ಟೋಬರ್‌ವರೆಗೆ, ಐದು ಆಂಬುಲೆನ್ಸ್ ಸಂಸ್ಥೆಗಳು ಸೇರಿ, ಮನೆಯಲ್ಲೋ ಬೀದಿಯಲ್ಲೋ ಹೃದಯ ನಿಂತ 8,014 ಜನರಲ್ಲಿ ಅರ್ಧದಷ್ಟು ಜನಕ್ಕೆ ಅಡ್ರಿನಾಲಿನ್, ಉಳಿದವರಿಗೆ ಬರೀ ಉಪ್ಪುನೀರು ಕೊಟ್ಟರಂತೆ. ಓದಿ ತಲೆ ಕೆಟ್ಟುಹೋಯಿತು. ಸಾಯೋ ಮನುಷ್ಯನಿಗೆ ಉಪ್ಪುನೀರಾ? ಅದೂ ಯಾರನ್ನೂ ಕೇಳದೆ?

ನನಗೆ ಬೇಕಿರೋದು ಎರಡೇ ಉತ್ತರ. ಅಪ್ಪ ಉಳೀತಿದ್ದರಾ? ಇಂಥ ಪ್ರಯೋಗ ಮಾಡೋಕೆ ಹೇಗೆ ಮನಸ್ಸು ಬರುತ್ತೆ?

ಕೆಂಪು ಬಸ್ಸು

ಮೇಡಂ, ನಿಮ್ಮ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ. ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಬಡವರು, ವಯಸ್ಸಾದವರು ಅಂದ್ರೆ ಇವರಿಗೆಲ್ಲ ಪ್ರಯೋಗಶಾಲೆ ಇಲಿಗಳು. ನಾಲ್ಕು ಸಾವಿರ ಜನಕ್ಕೆ ಉಪ್ಪುನೀರು ಕೊಟ್ಟು ಕೂತು ಎಣಿಸಿದ್ದಾರೆ. ಇದಕ್ಕೆ ಸಂಶೋಧನೆ ಅಂತ ಹೆಸರು ಬೇರೆ.

ಹಾಸನದಿಂದ ಹೊರಟೋನು

ಮೇಡಂ, ನಾನು ಹಾಸನ ಜಿಲ್ಲೆಯವನು. ಬೆಂಗಳೂರಲ್ಲಿ ನರ್ಸಿಂಗ್ ಮುಗಿಸಿ 2003ರಲ್ಲಿ ಇಂಗ್ಲೆಂಡಿಗೆ ಬಂದೆ. ಕೆಲವು ವರ್ಷ ವಾರ್ಡು, ಆಮೇಲೆ ಮತ್ತೆ ಓದಿ ಆಂಬುಲೆನ್ಸ್ ಹತ್ತಿದೆ. ನೀವು ಓದಿದ ಆ ಪ್ರಯೋಗದ ಡಬ್ಬಗಳನ್ನು ಈ ಕೈಯಲ್ಲೇ ಒಡೆದಿದ್ದೀನಿ. ಹಾಗಾಗಿ ನನ್ನನ್ನು ಮಧ್ಯಸ್ಥ ಅಂತ ತಿಳೀಬೇಡಿ. ಕೆಂಪು ಬಸ್ಸಿನವರು ಬೈತಿರೋ ಜನರಲ್ಲಿ ನಾನೂ ಒಬ್ಬ.

ಮೊದಲು ಅಪ್ಪನ ವಿಷಯ. ನೀವು ಬರೆದದ್ದು ಓದುವಾಗ ನಾನು ತಡೆದು ನಿಂತದ್ದು ಆ ಗೊರಕೆ ಹತ್ತಿರ. ಹೇಳೋಕೆ ಕಷ್ಟ, ಆದರೂ ಹೇಳ್ತೀನಿ. ಅದು ಉಸಿರಾಟ ಅಲ್ಲ ಮೇಡಂ. ಹೃದಯ ನಿಂತ ಮೇಲೂ ಕೆಲವು ನಿಮಿಷ ಮೆದುಳಿನ ಬುಡ ಹಾಗೆ ಎಳೆದೆಳೆದು ಉಸಿರು ತೆಗೆಸುತ್ತೆ, ದಡಕ್ಕೆ ಬಿದ್ದ ಮೀನು ಬಾಯಿ ಬಿಡೋ ಹಾಗೆ. ಕರೆದರೆ ಓಗೊಡ್ತಿಲ್ಲ, ಉಸಿರು ಸರಿಯಿಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ಲೆಕ್ಕ. ಇಲ್ಲಿ ಫೋನ್ ಎತ್ತೋ ಕಂಟ್ರೋಲ್ ರೂಮಿನವರಿಗೆ ಇದನ್ನು ಗುರುತಿಸೋಕೆ ತರಬೇತಿ ಕೊಡ್ತಾರೆ, ಆದರೂ "ಉಸಿರಾಡ್ತಿದ್ದಾರೆ" ಅಂತ ಮನೆಯವರು ಹೇಳಿದಾಗ ಅವರೂ ಮೋಸ ಹೋಗೋದುಂಟು. ಗೊತ್ತಿಲ್ಲದೆ ಹೋದದ್ದನ್ನ ತಪ್ಪು ಅಂತ ತಲೆ ಮೇಲೆ ಹೊತ್ಕೋಬೇಡಿ.

ಇಂಜೆಕ್ಷನ್ನಿನ ಕಥೆ ಏನಪ್ಪಾ ಅಂದ್ರೆ, ಅಪ್ಪ ತೋಟಕ್ಕೆ ನೀರು ತಿರುಗಿಸ್ತಿದ್ದರು ಅಂದ್ರಲ್ಲ, ಅದೇ ಕೆಲಸ ಅಡ್ರಿನಾಲಿನ್ ಮಾಡೋದು. ಕೈಕಾಲು, ಹೊಟ್ಟೆ ಕಡೆ ಹೋಗೋ ರಕ್ತನಾಳಗಳಿಗೆ ಮಣ್ಣು ಕೊಟ್ಟು ಮುಚ್ಚಿ, ಇರೋ ರಕ್ತವನ್ನು ಹೃದಯದ ಕಡೆ ತಿರುಗಿಸುತ್ತೆ. ಆದರೆ ಕಾಲುವೇಲಿ ನೀರು ಹರೀತಿದ್ದರೆ ತಾನೇ ತಿರುಗಿಸೋದು? ಹೃದಯ ನಿಂತಾಗ ಹರಿಸೋ ಪಂಪು ಅಂದ್ರೆ ಎದೆ ಒತ್ತೋ ಕೈ. 25 ನಿಮಿಷ ಪಂಪು ನಡೀದೆ ಇದ್ದ ಕಾಲುವೆಗೆ ಎಷ್ಟು ಬದು ಕಟ್ಟಿದರೂ ಅಷ್ಟೇ. ಆ ಹುಡುಗ ದಾರಿಯುದ್ದಕ್ಕೂ ಎದೆ ಒತ್ತಿದ ಅಂದ್ರಲ್ಲ, ಓಡೋ ಗಾಡೀಲಿ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಅದನ್ನು ಮಾಡೋದು ಎಂಥ ಕಷ್ಟ ಅಂತ ನನಗೆ ಗೊತ್ತು. ಅವನ ಮೇಲೆ ಸಿಟ್ಟು ಬೇಡ.

ಇನ್ನು ಉಪ್ಪುನೀರು. ನಾನು ನರ್ಸಿಂಗ್ ಓದುವಾಗ ಅಡ್ರಿನಾಲಿನ್ ಅಂದ್ರೆ ದೇವರ ತೀರ್ಥ. ಹೃದಯ ನಿಂತರೆ ಒಂದು ಮಿಲಿಗ್ರಾಂ, ಮೂರರಿಂದ ಐದು ನಿಮಿಷಕ್ಕೊಮ್ಮೆ, ಪ್ರಶ್ನೆ ಕೇಳೋ ಹಾಗಿಲ್ಲ. ಯಾಕೆ ಅಂತ ಕೆದಕಿದರೆ ಬುಡದಲ್ಲಿ ಸಿಗೋದು 1960ರ ದಶಕದಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗ. ಅರ್ಧ ಶತಮಾನ ಜಗತ್ತೆಲ್ಲ ಕೊಟ್ಟಿತು. ಮನುಷ್ಯರಲ್ಲಿ, ಕೊಟ್ಟವರನ್ನೂ ಕೊಡದವರನ್ನೂ ಪಕ್ಕಪಕ್ಕ ಇಟ್ಟು ದೊಡ್ಡ ಮಟ್ಟದಲ್ಲಿ ಯಾರೂ ನೋಡಿರಲಿಲ್ಲ. ಅಷ್ಟರಲ್ಲಿ ಅನುಮಾನ ಶುರುವಾಗಿತ್ತು. ಹೃದಯ ಏನೋ ಹೊರಡುತ್ತೆ, ಆದರೆ ಅದೇ ಔಷಧಿ ಮೆದುಳಿನ ಸಣ್ಣ ಸಣ್ಣ ನಾಳಗಳನ್ನೂ ಹಿಂಡುತ್ತಾ ಅಂತ. ಆಸ್ಟ್ರೇಲಿಯಾದ ಪರ್ತ್ ಕಡೆಯವರು ನೋಡೋಕೆ ಹೊರಟರು. ಸುಮಾರು 5,000 ಜನ ಬೇಕಿತ್ತು. ಕೆಂಪು ಬಸ್ಸಿನವರು ಹೇಳಿದ ಮಾತನ್ನೇ ಅಲ್ಲಿನ ಪತ್ರಿಕೆಗಳೂ ರಾಜಕಾರಣಿಗಳೂ ಹೇಳಿದರು, ಬೇರೆ ಆಂಬುಲೆನ್ಸ್ ಸಂಸ್ಥೆಗಳು ಹಿಂದೆ ಸರಿದವು, ಕೊನೆಗೆ 2011ರಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 534 ಜನ. ಅಷ್ಟರಲ್ಲಿ ಯಾವುದನ್ನೂ ತೀರ್ಮಾನ ಮಾಡೋಕಾಗಲ್ಲ.

ಆಮೇಲೆ ವಾರಿಕ್ ವಿಶ್ವವಿದ್ಯಾಲಯದ ಗ್ಯಾವಿನ್ ಪರ್ಕಿನ್ಸ್ ಮುಂದಾಳತ್ವದಲ್ಲಿ ಇಲ್ಲಿ ನಡೀತು. ಒಂದು ಡಬ್ಬ, ಒಳಗೆ ಮೊದಲೇ ತುಂಬಿಟ್ಟ ಹತ್ತು ಸಿರಿಂಜು. ಹತ್ತರಲ್ಲೂ ಅಡ್ರಿನಾಲಿನ್, ಇಲ್ಲಾ ಹತ್ತರಲ್ಲೂ ಉಪ್ಪುನೀರು. ಹೊರಗೆ ಬರೀ ನಂಬರು. ಕೊಡೋ ನನಗೂ ಗೊತ್ತಿಲ್ಲ, ಆಸ್ಪತ್ರೆ ಡಾಕ್ಟರಿಗೂ ಗೊತ್ತಿಲ್ಲ. ಎದೆ ಒತ್ತೋದು, ಎದೆಗೆ ಕರೆಂಟಿನ ಶಾಕ್ ಕೊಡೋದು, ಗಾಳಿ ಕೊಡೋದು ಎಲ್ಲ ಇಬ್ಬರಿಗೂ ಒಂದೇ. ಗರ್ಭಿಣಿ, 16 ದಾಟದ ಮಕ್ಕಳು, ಆಸ್ತಮಾದಿಂದಲೋ ಅಲರ್ಜಿಯಿಂದಲೋ ಹೃದಯ ನಿಂತವರು ಇದರಲ್ಲಿ ಇಲ್ಲ.

ಒಪ್ಪಿಗೆ ವಿಷಯ. ನೆಲಕ್ಕೆ ಬಿದ್ದವರನ್ನು ಕೇಳೋಕಾಗಲ್ಲ, ಪಕ್ಕದಲ್ಲಿ ಬಾಯಿ ಬಡ್ಕೊಂಡು ಅಳ್ತಿರೋ ಹೆಂಡತಿಗೆ ಫಾರಂ ಕೊಡೋಕಾಗಲ್ಲ. 2006ರಲ್ಲಿ ಇಲ್ಲಿನ ನಿಯಮ ತಿದ್ದುಪಡಿ ಆಗಿ, ತುರ್ತಿನಲ್ಲಿ ನೈತಿಕ ಸಮಿತಿ ಒಪ್ಪಿದರೆ ಮೊದಲು ಚಿಕಿತ್ಸೆ, ಬದುಕಿದವರಿಂದ ಆಮೇಲೆ ಒಪ್ಪಿಗೆ ಅನ್ನೋ ದಾರಿ ಆಯಿತು. ನನಗೆ ಬೇಡ ಅನ್ನೋರು ಮೊದಲೇ ಹೇಳಿಕೊಂಡು ಕೈಗೆ ಸ್ಟೀಲ್ ಬಳೆ ಹಾಕ್ಕೋಬಹುದಿತ್ತು. ಅದರ ಮೇಲೆ "ನೋ ಸ್ಟಡಿ" ಅಂತ ಕೆತ್ತಿರುತ್ತೆ.

ಈ ಬಳೆ ಅಂದ ಕೂಡಲೇ ನನಗೆ ಒಂದು ರಾತ್ರಿ ನೆನಪಾಗುತ್ತೆ. ಜನವರಿ, ಮೂಳೆ ಕೊರೆಯೋ ಚಳಿ. ಸಾಲುಮನೆ, ಮೇಲಿನ ಮಹಡಿ, ಮೆಟ್ಟಿಲು ಎಷ್ಟು ಕಿರಿದು ಅಂದ್ರೆ ಚೀಲ ಅಡ್ಡ ಹಿಡಿದು ಹತ್ತಬೇಕು. ಎಪ್ಪತ್ತು ದಾಟಿದ ಸರ್ದಾರ್ಜಿ. ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದವರನ್ನು ಸೊಸೆ ಒಬ್ಬಳೇ ಬಾಗಿಲ ಹತ್ತಿರಕ್ಕೆ ಎಳೆದು ತಂದು, ಫೋನ್ ಸ್ಪೀಕರಿಗೆ ಹಾಕಿ, ಆ ಕಡೆಯವರು ಎಣಿಸಿದ ಹಾಗೆ ಒತ್ತುತ್ತಿದ್ದಳು. ಅವಳ ಕೈಬಳೆ ಒಡೆದು ಮಣಿಕಟ್ಟಲ್ಲಿ ರಕ್ತ. ನನ್ನ ಜೊತೆಗಾರ ಒತ್ತೋದನ್ನು ವಹಿಸಿಕೊಂಡ, ನಾನು ಮೊಣಕಾಲ ಕೆಳಗಿನ ಮೂಳೆಗೆ ಸಣ್ಣ ಡ್ರಿಲ್ಲಿನಲ್ಲಿ ಸೂಜಿ ಇಳಿಸಿ ಡಬ್ಬ ಒಡೆಯೋಕೆ ಹೋದೆ. ಆಗ ನೋಡ್ತೀನಿ, ಮುದುಕರ ಬಲಗೈಲಿ ಸ್ಟೀಲ್ ಬಳೆ!

ಎದೆ ಧಸಕ್ ಅಂತು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಬಳೇನ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿದೆ. ಅಕ್ಷರ ಇಲ್ಲ. ಎಷ್ಟೋ ವರ್ಷ ತೊಟ್ಟು ಸವೆದು ನುಣುಪಾದ ಕಡಾ. ಅವರ ಧರ್ಮದ ಗುರುತು. ಡಬ್ಬ ಒಡೆದೆ.

ನಾಲ್ಕು ಸಿರಿಂಜು ಹೋಯಿತು. ನಾಲ್ಕನೆಯದಾದ ಮೇಲೆ ಕತ್ತಿನಲ್ಲಿ ನಾಡಿ ಸಿಕ್ಕಿತು. ಆಸ್ಪತ್ರೆಗೆ ಒಪ್ಪಿಸಿದ್ವಿ. ಐದನೇ ದಿನ ಐಸಿಯುನಲ್ಲಿ ತೀರಿಕೊಂಡರು ಅಂತ ಆಮೇಲೆ ತಿಳೀತು. ನಾನು ಕೊಟ್ಟದ್ದು ಏನು ಅಂತ ಇವತ್ತಿಗೂ ಗೊತ್ತಿಲ್ಲ.

ಫಲಿತಾಂಶ 2018ರ ಜುಲೈನಲ್ಲಿ ಬಂತು. ಆಸ್ಪತ್ರೆ ತಲುಪೋ ಮೊದಲೇ ನಾಡಿ ಮರಳಿದ್ದು ಅಡ್ರಿನಾಲಿನ್ ಗುಂಪಲ್ಲಿ ಶೇ. 36.3, ಉಪ್ಪುನೀರಲ್ಲಿ ಶೇ. 11.7. ನೋಡಿ, ಮೂರು ಪಟ್ಟು! ರಸ್ತೆ ಮೇಲೆ ಕೆಲಸ ಮಾಡೋ ನಮ್ಮ ಕಣ್ಣಿಗೆ ಕಾಣಿಸ್ತಿದ್ದದ್ದು ಇದೇ, ಅದಕ್ಕೇ ಅಷ್ಟು ನಂಬಿಕೆ. ಆದರೆ 30 ದಿನದ ಮೇಲೆ ಬದುಕಿದ್ದವರು ಶೇ. 3.2 ಮತ್ತು ಶೇ. 2.4. ಬದುಕಿ ಮನೆಗೆ ಹೊರಟವರಲ್ಲಿ, ಇನ್ನೊಬ್ಬರ ಸಹಾಯವಿಲ್ಲದೆ ನಡೆಯೋಕೂ ಆಗದಷ್ಟು ಮೆದುಳು ಏಟು ತಿಂದವರು ಅಡ್ರಿನಾಲಿನ್ ಕಡೆ 126ರಲ್ಲಿ 39, ಉಪ್ಪುನೀರು ಕಡೆ 90ರಲ್ಲಿ 16.

ಒಂದು ಜೀವ ಹೆಚ್ಚುವರಿ ಉಳಿಸೋಕೆ 112 ಜನಕ್ಕೆ ಅಡ್ರಿನಾಲಿನ್ ಕೊಡಬೇಕು ಅಂತ ಅವರೇ ಬರೆದರು. ಅದರ ಪಕ್ಕದಲ್ಲೇ ಇನ್ನೂ ಮೂರು ಸಂಖ್ಯೆ ಇಟ್ಟರು. ಹೃದಯ ನಿಂತದ್ದನ್ನು ಬೇಗ ಗುರುತಿಸಿದರೆ 11ಕ್ಕೆ ಒಂದು ಜೀವ, ಹತ್ತಿರ ಇದ್ದವರು ಎದೆ ಒತ್ತಿದರೆ 15ಕ್ಕೆ, ಬೇಗ ಶಾಕ್ ಕೊಟ್ಟರೆ 5ಕ್ಕೆ. ದೊಡ್ಡಪ್ಪನಿಗೆ ಇದನ್ನು ತೋರಿಸಿ.

ಲೆಕ್ಕದ ಮೇಡಂ, ತಿಪಟೂರು

ಸರ್, ರಾತ್ರಿ ಓದಿದೆ, ಬೆಳಗ್ಗೆ ಮತ್ತೆ ಓದಿದೆ. ಗೊರಕೆ ವಿಷಯಕ್ಕೆ ಏನು ಹೇಳಬೇಕೋ ತೋಚುತ್ತಿಲ್ಲ, ಅದನ್ನು ಸದ್ಯಕ್ಕೆ ಬಿಡ್ತೀನಿ. ಲೆಕ್ಕ ನನ್ನ ಕೈಲಾಗೋದು.

3.2ರಲ್ಲಿ 2.4 ಕಳೆದರೆ 0.8. ನೂರನ್ನು ಅದರಿಂದ ಭಾಗಿಸಿದರೆ 125 ಬರುತ್ತೆ, ನೀವು 112 ಅಂದಿರಿ. ಎಲ್ಲೋ ತಪ್ಪಿದೆ ಅಂದುಕೊಂಡು ಮೂಲ ಸಂಖ್ಯೆ ಹುಡುಕಿದೆ: 4,012ರಲ್ಲಿ 130, 3,995ರಲ್ಲಿ 94. ದಶಮಾಂಶ ಕತ್ತರಿಸದೆ ಮಾಡಿದರೆ ವ್ಯತ್ಯಾಸ 0.887, ಸರಿಯಾಗಿ 112 ಚಿಲ್ಲರೆ. ಮಕ್ಕಳಿಗೆ ಮಧ್ಯದಲ್ಲಿ ದಶಮಾಂಶ ಕತ್ತರಿಸಬೇಡ್ರೋ ಅಂತ ವರ್ಷವಿಡೀ ಬಡ್ಕೊಳ್ಳೋದು ಇದಕ್ಕೇ.

ಇನ್ನೊಂದು ಕಂಡಿತು. ಆಸ್ಪತ್ರೆಯಿಂದ ಬದುಕಿ ಹೊರಬಂದವರಲ್ಲಿ ಸ್ಥಿತಿ ಹೇಗಿದೆ ಅಂತ ದಾಖಲಾದವರು 126 ಮತ್ತು 90, ಅಂದ್ರೆ 36 ಜನ ಹೆಚ್ಚು. ತೀವ್ರವಾಗಿ ಊನವಾದವರು 39 ಮತ್ತು 16, ಅಂದ್ರೆ 23 ಹೆಚ್ಚು. ತಕ್ಕಮಟ್ಟಿಗೆ ಚೆನ್ನಾಗಿರೋರು 87 ಮತ್ತು 74, ಅಂದ್ರೆ 13 ಹೆಚ್ಚು. 23ಕ್ಕೆ 13 ಸೇರಿಸಿದರೆ 36. ಔಷಧಿಯಿಂದ ಹೆಚ್ಚುವರಿಯಾಗಿ ಉಳಿದ 36 ಜನರಲ್ಲಿ 23 ಜನ ತೀವ್ರವಾಗಿ ಊನವಾದವರು ಅಂತ ಓದಬಹುದಾ? ನಾನು ಪೆನ್ ಕೆಳಗಿಟ್ಟು ಸುಮ್ಮನೆ ಕೂತೆ. ಅಪ್ಪ ಆ 23ರಲ್ಲಿ ಒಬ್ಬರಾಗಿದ್ದರೆ ನನ್ನ ಪ್ರಶ್ನೆ ಏನಾಗಿರುತ್ತಿತ್ತು?

ಮತ್ತೆ ಸರ್, ಕೇಳಬಹುದೋ ಇಲ್ಲವೋ. ಆ ಸರ್ದಾರ್ಜಿ ಮನೆಯವರಿಗೆ ಈ ಡಬ್ಬದ ವಿಷಯ ಹೇಳಿದ್ರಾ?

ತಾಸಿನ ಡಾಕ್ಟ್ರು, ಧಾರವಾಡ ಕಡೆ

ನಡುವೆ ಬಾಯಿ ಹಾಕ್ತೀನ್ರಿ. ನಾ ಕ್ಯಾಜುವಲ್ಟಿ ಡಾಕ್ಟರ್. ಮೇಡಂ ಅವರ ಲೆಕ್ಕ ಬರೋಬ್ಬರಿ ಅದ. ಆದ್ರ ಅದನ್ನ ಓದೂವಾಗ ಸ್ವಲ್ಪ ಹಗ್ಗ ಬಿಗಿ ಹಿಡೀರಿ. ಆ 36 ಮಂದಿ ಯಾರು ಅಂತ ಬೊಟ್ಟು ಮಾಡಿ ತೋರಸಾಕ ಆಗೂದಿಲ್ಲ, ಇದು ಎರಡು ಗುಂಪಿನ ನಡುವಿನ ಫರಕು ಅಷ್ಟ. 87ಕ್ಕೂ 74ಕ್ಕೂ ಇರೋ ಫರಕು ಬರೇ ಅದೃಷ್ಟದಿಂದನೂ ಬಂದಿರಬಹುದು. ಚೊಲೋ ಸ್ಥಿತಿಯೊಳಗ ಉಳಿದವರ ವಿಷಯದಾಗ ಖಾತ್ರಿ ಫರಕು ಕಾಣಲಿಲ್ಲ ಅಂತ ಪ್ರಯೋಗದವರ ಬರದಾರ.

ಎರಡನೇದು, ಹಾಸನದವರು ಹೇಳದ ಬಿಟ್ಟದ್ದು. ಅಲ್ಲಿ ಫೋನ್ ಬಂದ ಆರೂವರಿ ನಿಮಿಷದಾಗ ಆಂಬುಲೆನ್ಸ್ ಬಂತು, ಆದ್ರ ಔಷಧ ಮೈಯೊಳಗ ಹೋಗೂದರಾಗ ಫೋನಿನಿಂದ ಸುಮಾರು 20 ನಿಮಿಷ ಆಗಿತ್ತು. ಹಂಗಾಗಿ ಇದು ತಡವಾಗಿ ಕೊಟ್ಟ ಅಡ್ರಿನಾಲಿನ್ನಿನ ಪರೀಕ್ಷೆ. ನನ್ನ ಕಣ್ಣ ಮುಂದ, ವಾರ್ಡಿನೊಳಗ ಹೃದಯ ನಿಂತರ ನಾ ಇವತ್ತೂ ಕೊಡ್ತೀನಿ. ಶಾಕಿಗೆ ಬಗ್ಗೂವಂಥ ಹೃದಯದ ಲಯ ಇಲ್ಲ ಅಂದ್ರ ಲಗೂನ ಕೊಡ್ತೀನಿ. ಜಗತ್ತಿನ ಮಾರ್ಗಸೂಚಿಗಳು ಪ್ರಯೋಗ ಆದ ಮ್ಯಾಲೂ ಅದನ್ನ ತಗದು ಹಾಕಿಲ್ಲ. ಮತ್ತ ದಯವಿಟ್ಟು ಯಾರೂ ಇದನ್ನ ಓದಿ ಅಡ್ರಿನಾಲಿನ್ ಕೆಲಸಕ್ಕ ಬರೂದಿಲ್ಲ ಅಂತ ವಾಟ್ಸಾಪಿನ್ಯಾಗ ಹಾಕಬ್ಯಾಡ್ರಿ. ಜೇನು ಕಡದು, ಔಷಧ ಒಗ್ಗದ ಮೈಯೆಲ್ಲ ದದ್ದು ಎದ್ದು ಗಂಟಲಾ ಕಟ್ಟಿದವರಿಗೆ ತೊಡಿಗೆ ಹಾಕೂ ಅಡ್ರಿನಾಲಿನ್ನ ಜೀವ. ಆ ಮಾತು ಬ್ಯಾರೆ.

ಕೆಂಪು ಬಸ್ಸಿನವರ ಇಲಿ ಮಾತಿಗೆ ಒಂದು ಹೇಳ್ತೀನಿ. ಟ್ರಾನೆಕ್ಸಾಮಿಕ್ ಆಸಿಡ್ ಅಂತ ಔಷಧ ಅದ. ಮುಟ್ಟಿನಾಗ ರಕ್ತ ಭಾಳ ಹೋಗೂ ಹೆಣ್ಮಕ್ಕಳಿಗೆ ಗುಳಿಗಿ ಕೊಡ್ತೀವಲ್ಲ, ಅದ. ಜಪಾನಿನ ಉತಾಕೊ ಒಕಾಮೊಟೊ ಮತ್ತ ಆಕಿ ಗಂಡ 1960ರ ದಶಕದಾಗ ಹೊರಗ ತಂದದ್ದು. ಅಗ್ಗದ ಔಷಧ. ಅಪಘಾತದಾಗ ರಕ್ತ ಸೋರೂ ಮಂದಿಗೆ ಕೊಟ್ರ ಏನಾಗ್ತದ ಅಂತ ನೋಡಾಕ ಲಂಡನ್ನಿನವರು ಕ್ರ್ಯಾಶ್-2 ಅಂತ ಮಾಡಿದ್ರು. 40 ದೇಶ, 274 ದವಾಖಾನಿ, 20,211 ಮಂದಿ, ನಮ್ಮ ದೇಶದವರೂ ಇದ್ರು. ಅಲ್ಲೂ ಅರ್ಧ ಮಂದಿಗೆ ಉಪ್ಪುನೀರ. 2010ರಾಗ ಉತ್ತರ ಬಂತು: ಸತ್ತವರು ಶೇ. 16.0 ಇದ್ದದ್ದು ಶೇ. 14.5ಕ್ಕ ಇಳೀತು. ಮರುವರ್ಷ ಇನ್ನೊಂದು ಸಂಗತಿ ಹೊರಗ ಬಂತು. ಪೆಟ್ಟು ಬಿದ್ದು ಮೂರು ತಾಸಿನ ಒಳಗ ಕೊಟ್ರ ಛಲೋ, ಮೂರು ತಾಸು ದಾಟಿ ಕೊಟ್ರ ರಕ್ತ ಸೋರಿ ಸಾಯೂದು ಹೆಚ್ಚಾಗ್ತದ! ಉಪ್ಪುನೀರ ಗುಂಪು ಇರದ ಇದ್ರ ಈ ಎರಡನೇ ಮಾತು ಯಾರಿಗೂ ಗೊತ್ತಾಗ್ತಿದ್ದಿಲ್ಲ, ಐದನೇ ತಾಸಿನಾಗೂ ನಾವು ಪುಣ್ಯಾ ಬರ್ತದ ಅಂತ ಕೊಡ್ಕೋತ ಇರ್ತಿದ್ವಿ.

ನನ್ನ ಗೋಳು ಇಷ್ಟ. ರಾತ್ರಿ ಬೈಕ್ ಅಪಘಾತದ ಹುಡುಗರು ಬರ್ತಾರ, ಸಣ್ಣ ದವಾಖಾನಿಯಿಂದ ಚೀಟಿ ಹಿಡಕೊಂಡು. ಚೀಟಿ ಮ್ಯಾಲ ಬಿಪಿ ಇರ್ತದ, ಕೊಟ್ಟ ಸಲೈನ್ ಇರ್ತದ, ಸೀಲು ಇರ್ತದ. ಪೆಟ್ಟು ಬಿದ್ದದ್ದು ಎಷ್ಟ ಗಂಟೆಕ್ಕ ಅನ್ನೂದು ಮಾತ್ರ ಇರೂದಿಲ್ಲ. ಕರಕೊಂಡು ಬಂದವರನ್ನ ಕೇಳಿದ್ರ, "ಜಾತ್ರಿ ತೇರು ಎಳದು ಮುಗದಿತ್ರಿ" ಅಂತಾರ. ತೇರು ಯಾವಾಗ ಮುಗೀತು ಅಂತ ನಾ ಇನ್ನೊಬ್ಬರಿಗೆ ಫೋನ್ ಹಚ್ಚಬೇಕು, ಸಿರಿಂಜು ಕೈಯಾಗ ಹಿಡಕೊಂಡು. ಅದಕ್ಕ ಇಲ್ಲಿ ಈ ಹೆಸರು ಇಟಗೊಂಡೀನಿ.

ಕೆಂಪು ಬಸ್ಸು

ಡಾಕ್ಟ್ರೇ, ಮೂರು ತಾಸಿನ ವಿಷಯ ಗೊತ್ತಿರಲಿಲ್ಲ. ಇಲಿ ಮಾತು ವಾಪಸ್ ತಗೊಳ್ತೀನಿ, ಆದರೆ ಅರ್ಧ ಮಾತ್ರ. ಮನೆಯವರಿಗೆ ಹೇಳಿದ್ರಾ ಅಂತ ಮೇಡಂ ಕೇಳಿದ್ದಕ್ಕೆ ಹಾಸನದವರು ಇನ್ನೂ ಉತ್ತರ ಕೊಟ್ಟಿಲ್ಲ. ಉಳಿದರ್ಧ ಅದರ ಮೇಲಿದೆ.

ಹಾಸನದಿಂದ ಹೊರಟೋನು

ನೈಟ್ ಶಿಫ್ಟ್ ಇತ್ತು, ಈಗ ನೋಡಿದೆ. ಡಾಕ್ಟ್ರು ಹೇಳಿದ 20 ನಿಮಿಷದ ಮಾತು ನಾನು ಬರೀಬೇಕಿತ್ತು, ಬಿಟ್ಟುಹೋಯಿತು. ಮೂಳೆಗೆ ಸೂಜಿ ಇಳಿಸೋ ಮೊದಲು ಆ ಕಿರಿದಾದ ಮೆಟ್ಟಿಲು, ಮಂಚ ಸರಿಸೋದು, ಅಂಗಿ ಕತ್ತರಿಸೋದು, ಶಾಕ್ ಪ್ಯಾಡ್ ಅಂಟಿಸೋದು. ಹೊತ್ತು ಹೋಗೋದು ಅಲ್ಲೇ.

ಕೇಳಿದ್ದಕ್ಕೆ ಉತ್ತರ: ಇಲ್ಲ, ಹೇಳಲಿಲ್ಲ.

ಬದುಕಿದವರನ್ನು ಆಸ್ಪತ್ರೆಗೇ ಹೋಗಿ ಕಂಡು, ವಿವರಿಸಿ, ಮುಂದುವರೀಬಹುದಾ ಅಂತ ಒಪ್ಪಿಗೆ ಕೇಳೋ ಏರ್ಪಾಡು ಇತ್ತು. ತೀರಿಕೊಂಡವರ ಮನೆಗೆ ತಾವಾಗೇ ಹೋಗಿ ಹೇಳೋದು ಬೇಡ ಅಂತ ತೀರ್ಮಾನ ಆಗಿತ್ತು. ದುಃಖದಲ್ಲಿರೋರ ಮನೆಗೆ "ನಿಮ್ಮ ಯಜಮಾನರು ಒಂದು ಪ್ರಯೋಗದಲ್ಲಿದ್ದರು, ಅವರಿಗೆ ಔಷಧಿ ಹೋಯಿತೋ ನೀರು ಹೋಯಿತೋ ಹೇಳೋಕಾಗಲ್ಲ" ಅಂತ ಕಾಗದ ಬಂದರೆ ಏನಾದೀತು ಅನ್ನೋದು ಅವರ ಯೋಚನೆ. ಬದಲಿಗೆ ಮಾಹಿತಿಯನ್ನು ಸಾರ್ವಜನಿಕವಾಗಿ ಇಟ್ಟಿದ್ದರು, ಯಾರಾದರೂ ಕೇಳಿದರೆ ಹೇಳ್ತಿದ್ದರು. ಇದರ ಬಗ್ಗೆ ಇಲ್ಲಿ ದೊಡ್ಡ ವಾದವೇ ನಡೆದಿದೆ. ಪ್ರಯೋಗ ಮಾಡಿದ್ದು ಸರಿ ಅಂತ ನನಗೆ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತೆ. ಈ ಹೇಳದೆ ಇದ್ದದ್ದರ ಬಗ್ಗೆ ಮಾತ್ರ ನನ್ನ ಮನಸ್ಸು ಒಂದು ಕಡೆ ನಿಲ್ಲಲ್ಲ. ಕೆಂಪು ಬಸ್ಸಿನವರೇ, ನಿಮ್ಮ ಅರ್ಧ ನೀವೇ ಇಟ್ಕೊಳ್ಳಿ, ಕಿತ್ಕೊಳ್ಳೋಕೆ ನನ್ನ ಹತ್ತಿರ ಏನೂ ಇಲ್ಲ.

ಆ ರಾತ್ರಿ ಸರ್ದಾರ್ಜಿಯವರ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಇಂಗ್ಲಿಷ್ ಅಷ್ಟಾಗಿ ಬರದು. ಸ್ಟ್ರೆಚರ್ ಇಳಿಸುವಾಗ ನನ್ನ ಮುಖ ನೋಡಿ ನಮ್ಮ ಕಡೆಯವನು ಅಂತ ಗೊತ್ತಾಯಿತೇನೋ, ಹಿಂದಿಯಲ್ಲಿ ಕೇಳಿದರು, ಏನು ಕೊಟ್ಟೆ ಬೇಟಾ ಅಂತ. ನಾನು ನಮ್ಮ ಬೆಂಗಳೂರು ಹಿಂದಿಯಲ್ಲಿ, ಹೃದಯ ಹೊರಡೋಕೆ ಔಷಧಿ ಕೊಟ್ಟೆ ಅಮ್ಮಾ ಅಂದೆ. ಮೆಟ್ಟಿಲ ಮೇಲೆ ನಿಂತು ಅವರಿಗೆ ಏನಂತ ಬಿಡಿಸಿ ಹೇಳೋದು? ಆದರೆ ಆ ಮಾತು ನಿಜವೂ ಆಗಿರಬಹುದು, ಸುಳ್ಳೂ ಆಗಿರಬಹುದು, ಯಾವುದು ಅಂತ ಹೇಳಿದ ನನಗೇ ಗೊತ್ತಿಲ್ಲ. ನಾಡಿ ಮರಳಿತಲ್ಲ, ಅಡ್ರಿನಾಲಿನ್ನೇ ಇರಬೇಕು ಅಂತ ಒಂದೊಂದು ಸಲ ಅಂದ್ಕೋತೀನಿ. ಉಪ್ಪುನೀರಲ್ಲೂ ನೂರಕ್ಕೆ ಹನ್ನೆರಡರ ಹತ್ತಿರ ಮರಳಿದೆ ಅಂತ ಆಮೇಲೆ ನೆನಪಾಗುತ್ತೆ. ಆ ಸೊಸೆ ಕೈ ನೋಯಿಸಿಕೊಂಡು ಒತ್ತಿದ್ದಕ್ಕೂ ಮರಳಿರಬಹುದು.

ತಾಸಿನ ಡಾಕ್ಟ್ರು, ಧಾರವಾಡ ಕಡೆ

ಎದಿ ಒತ್ತೂದು ಎಲ್ಲಿ ಕಲಿಯೂದು ಅಂತ ಮೂರು ಮಂದಿ ನನಗ ಖಾಸಗಿಯಾಗಿ ಕೇಳ್ಯಾರ. ಅರಿವಳಿಕೆ ಡಾಕ್ಟರುಗಳ ಸಂಘದವರು ಬಾಯಿಗೆ ಬಾಯಿ ಹಚ್ಚದ ಬರೇ ಎದಿ ಒತ್ತೂ ಪಾಠ ಊರೂರಿಗೆ ಕಲಿಸ್ತಾರ, ಜಿಲ್ಲಾ ದವಾಖಾನಿಯೊಳಗ ವಿಚಾರಿಸ್ರಿ. ಅಲ್ಲೀತನಕ ಇಷ್ಟು ಗೊತ್ತಿರಲಿ: ಗಟ್ಟಿ ನೆಲದ ಮ್ಯಾಲ ಅಂಗಾತ ಹಾಕ್ರಿ, ಎದಿ ನಟ್ಟನಡುವ ಎರಡೂ ಅಂಗೈ ಒಂದರ ಮ್ಯಾಲೊಂದು, ಮೊಣಕೈ ಮಡಚಬ್ಯಾಡ್ರಿ, ಐದಾರು ಸೆಂಟಿಮೀಟರ್ ಒಳಗ ಹೋಗೂವಂಗ, ನಿಮಿಷಕ್ಕ 100ರಿಂದ 120. ಎಲುಬು ಲಟಕ್ ಅಂದ್ರೂ ಬಿಡಬ್ಯಾಡ್ರಿ. ಎರಡು ನಿಮಿಷಕ್ಕ ಮಂದಿ ಬದಲಾಗ್ರಿ, ಆಮ್ಯಾಲ ಕೈ ಸೋತು ಒತ್ತೂದು ಮ್ಯಾಲ ಮ್ಯಾಲ ಆಗ್ತದ.

ಲೆಕ್ಕದ ಮೇಡಂ, ತಿಪಟೂರು

ಎಲ್ಲರಿಗೂ ಧನ್ಯವಾದ. ಭಾನುವಾರ ದೊಡ್ಡಪ್ಪ ಬಂದಿದ್ದರು. ಹಳೇ ರಫ್ ನೋಟ್‌ಬುಕ್ಕಲ್ಲಿ 112, 15, 11, 5 ಬರೆದು ಮುಂದಿಟ್ಟೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದರು. "ಆ ಹುಡುಗನ್ನ ಸುಮ್ನೆ ಬೈದೆ ಹಂಗಾದ್ರೆ" ಅಂದರು. ಅವನ ಫೋನ್ ನಂಬರ್ ಸಿಗುತ್ತಾ ಅಂತಲೂ ಕೇಳಿದರು. ಎಲ್ಲಿ ಹುಡುಕೋದು?

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ತಿದ್ದರು. ಇಂಜೆಕ್ಷನ್ ಇದ್ದಿದ್ದರೂ ಅಷ್ಟರಲ್ಲೇ ಇತ್ತು ಅನ್ನೋವರೆಗೆ ತಲೆ ಆಡಿಸಿದರು. ಆಮೇಲೆ ನಾನು ಗೊರಕೆ ವಿಷಯಕ್ಕೆ ಬಂದೆ. ಅದು ಉಸಿರಲ್ವಂತಮ್ಮ ಅಂದೆ. ಅಮ್ಮ ಒಂದೂ ಮಾತಾಡದೆ ಹಿತ್ತಿಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯೋಕೆ ಶುರು ಮಾಡಿದರು. ಅವತ್ತಿಂದ ಇಂಜೆಕ್ಷನ್ ಮಾತು ಎತ್ತಿಲ್ಲ. ಆದರೆ ಎರಡು ರಾತ್ರಿಯಿಂದ ನಿದ್ದೆ ಮಾಡ್ತಿಲ್ಲ. ಹಾಸನದ ಸರ್, ನಾನು ಹೇಳಬಾರದಿತ್ತೇನೋ.